ಫೇಡರ್ ಮುಟ್ಟಿಸದ ಗಿಟಾರಿಸ್ಟ್

ಸ್ಟೇಜ್ ಮೇಲೆ ಬಾರಿಸುವ ರಾಕ್ ಗಿಟಾರಿಸ್ಟ್‌ಗಳಲ್ಲಿ ದೊಡ್ಡವರು ಯಾರು ಅಂತ ಮಾತು ಬಂದಾಗಲೆಲ್ಲ ಬೆರಳಿನ ವೇಗದ ಲೆಕ್ಕ ಶುರುವಾಗುತ್ತದೆ. ಎಷ್ಟು ಉದ್ದದ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ಬಾರಿಸುವ ಭಾಗ), ಹಲ್ಲಲ್ಲಿ ಬಾರಿಸಿದನಾ, ಬೆನ್ನ ಹಿಂದೆ ಇಟ್ಟುಕೊಂಡು ಬಾರಿಸಿದನಾ, ಇಂಥವೇ. ನನಗೆ ಇದ್ಯಾವುದೂ ಅಷ್ಟು ಮುಖ್ಯ ಅನಿಸುವುದಿಲ್ಲ. ನಾನು ಬಳ್ಳಾರಿಯಲ್ಲಿ ಸೌಂಡ್ ಕೆಲಸ ಮಾಡುವವನು. ಗಣೇಶನ ಪೆಂಡಾಲ್, ಮದುವೆ ರಿಸೆಪ್ಷನ್, ಆರ್ಕೆಸ್ಟ್ರಾ, ಕಾಲೇಜ್ ಫೆಸ್ಟ್, ಆಗಾಗ ತೋರಣಗಲ್ಲು ಕಡೆ, ಗಂಗಾವತಿ ಕಡೆ. ಜನ ಸ್ಟೇಜ್ ಎದುರು ನಿಂತು ನೋಡುತ್ತಾರೆ, ನಾನು ಅವರ ಹಿಂದೆ ಮಿಕ್ಸರ್ ಹತ್ತಿರ ನಿಂತು ನೋಡುತ್ತೇನೆ. ಅಲ್ಲಿ ನಿಂತವನಿಗೆ ಅಳತೆ ಒಂದೇ. ಇವನ ಫೇಡರ್, ಅಂದರೆ ಮಿಕ್ಸರ್ ಮೇಲೆ ಇವನ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ನಾನು ಎಷ್ಟು ಸಲ ಮುಟ್ಟಬೇಕಾಯಿತು?

ಹೆಚ್ಚಿನವರದ್ದು ಹೀಗೆ. ಹಾಡು ಶುರುವಾಗುತ್ತದೆ, ಗಿಟಾರ್ ಸದ್ದಿಗೆ ಹಾಡುವವಳ ದನಿ ಮುಚ್ಚಿಹೋಗುತ್ತದೆ, ಇಳಿಸು. ಸೋಲೋ ಬಂತು, ಕೇಳಿಸುತ್ತಿಲ್ಲ, ಏರಿಸು. ಸೋಲೋ ಮುಗಿಯಿತು, ಮತ್ತೆ ಇಳಿಸು. ಅಷ್ಟರಲ್ಲಿ ಅವನು ಕಾಲಲ್ಲಿ ಪ್ರೊಸೆಸರ್ (ಗಿಟಾರ್ ಸದ್ದು ಬದಲಿಸುವ ಪೆಟ್ಟಿಗೆ) ಒತ್ತಿ ಬೇರೆ ಪ್ಯಾಚ್, ಅಂದರೆ ಬೇರೆ ಸದ್ದು, ಹಾಕಿರುತ್ತಾನೆ, ಅದು ಹಳೆಯದಕ್ಕಿಂತ ಎರಡು ಪಟ್ಟು ಜೋರು, ಮುಂದೆ ಕೂತ ಅಜ್ಜಂದಿರು ಕಿವಿ ಮುಚ್ಚಿಕೊಂಡು ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಾರೆ. ಬಾರಿಸಿದವನು ಅವನು, ಬೈಸಿಕೊಳ್ಳುವವನು ನಾನು.

ಒಳ್ಳೆಯವನು ಬಂದರೆ ಸೌಂಡ್‌ಚೆಕ್‌ನಲ್ಲಿ ಒಮ್ಮೆ ಇಟ್ಟ ಫೇಡರ್ ಕೊನೆಯ ಹಾಡಿನವರೆಗೂ ಅಲ್ಲೇ ಇರುತ್ತದೆ. ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಮುಂದೆ ಬರಬೇಕು ಅನ್ನುವುದೆಲ್ಲ ಅವನ ಕೈಯಲ್ಲೇ ನಡೆದುಹೋಗುತ್ತದೆ. ಮಿಕ್ಸಿಂಗ್ ಅರ್ಧ ಅವನೇ ಮಾಡಿಕೊಂಡು ಬಂದಿರುತ್ತಾನೆ.

ಇದಕ್ಕೆ ಇಂಗ್ಲೆಂಡಿನ ರಾಕ್ ಗಿಟಾರಿಸ್ಟ್ ಜೆಫ್ ಬೆಕ್‌ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2007ರ ನವೆಂಬರ್‌ನಲ್ಲಿ ಲಂಡನ್‌ನ ರಾನಿ ಸ್ಕಾಟ್ಸ್ ಅನ್ನುವ ಸಣ್ಣ ಕ್ಲಬ್‌ನಲ್ಲಿ ಅವರು ಬಾರಿಸಿದ್ದರ ವಿಡಿಯೋ ಇದೆ, ನೋಡಿ. ಎಡಗೈಯನ್ನು ಬಿಟ್ಟುಬಿಡಿ, ಬಲಗೈಯನ್ನೇ ನೋಡಿ. ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಇಲ್ಲ, ಹೆಬ್ಬೆರಳಲ್ಲಿ ತಂತಿ ಮೀಟುತ್ತಾರೆ. ಕಿರುಬೆರಳು ವಾಲ್ಯೂಮ್ ನಾಬ್ ಮೇಲೆ. ಅದೇ ಕೈಯಲ್ಲಿ ವ್ಯಾಮಿ ಬಾರ್, ಅಂದರೆ ತಂತಿ ಸಡಿಲಿಸಿ ಸ್ವರ ಅಲುಗಿಸುವ ಕಡ್ಡಿ. ಸ್ವರ ಹುಟ್ಟುವಾಗ ನಾಬ್ ಕೆಳಗೆ, ಹುಟ್ಟಿದ ಮೇಲೆ ನಿಧಾನಕ್ಕೆ ಮೇಲೆ. ಹಾಗಾಗಿ ಮೀಟಿದ ಸದ್ದೇ ಕೇಳಿಸುವುದಿಲ್ಲ, ಯಾರೋ ಬಾಯಿ ತೆರೆದು ಹಾಡಿದ ಹಾಗೆ ಸ್ವರ ಬರುತ್ತದೆ. ಗಿಟಾರ್ ಮೇಲಿನ ಆ ಸಣ್ಣ ನಾಬ್ ಬರೀ ಜೋರು-ಮೆಲ್ಲ ಮಾಡುವುದಕ್ಕಲ್ಲ. ಆಂಪ್ (ಗಿಟಾರ್ ಸದ್ದನ್ನು ಜೋರು ಮಾಡುವ ಪೆಟ್ಟಿಗೆ) ಅನ್ನು ಸದ್ದು ಒಡೆಯುವ ಮಟ್ಟಕ್ಕೆ ಇಟ್ಟಿದ್ದರೆ, ನಾಬ್ ಇಳಿಸಿದಾಗ ಸೌಂಡ್ ಕ್ಲೀನ್ ಆಗುತ್ತದೆ, ಏರಿಸಿದಾಗ ಡಿಸ್ಟಾರ್ಷನ್, ಅಂದರೆ ಒರಟು ಗರಗರ, ಬರುತ್ತದೆ. ಒಂದೇ ಸೌಂಡ್‌ನಲ್ಲಿ ಇಡೀ ಕಾರ್ಯಕ್ರಮ ಮುಗಿಸಬಹುದು. ನಮ್ಮ ಕಡೆ ಎಷ್ಟೋ ಹುಡುಗರ ಗಿಟಾರ್‌ನಲ್ಲಿ ಆ ನಾಬ್ ಕೊಂಡ ದಿನದಿಂದ ಹತ್ತರಲ್ಲೇ ನಿಂತಿದೆ.

ಬಿ.ಬಿ. ಕಿಂಗ್ ಇನ್ನೂ ಸುಲಭದ ದಾರಿ ಹಿಡಿದಿದ್ದರು. ಹಾಡುವಾಗ ಗಿಟಾರ್ ಇಲ್ಲ, ಗಿಟಾರ್ ಬಾರಿಸುವಾಗ ಹಾಡಿಲ್ಲ. ದನಿ ಒಂದು ಸಾಲು ಹೇಳಿದರೆ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಅವರು ಬ್ಲೂಸ್‌ನವರು ನಿಜ, ಆದರೆ ರಾಕ್‌ನವರೆಲ್ಲ ಕಲಿತದ್ದು ಆ ಮನೆಯಲ್ಲೇ ಅಲ್ವಾ. ಅವರ ಮಿಕ್ಸರ್ ಮುಂದೆ ನಿಂತವನು ಎಷ್ಟು ಆರಾಮಾಗಿ ಚಹಾ ಕುಡಿದಿರಬಹುದು ಅಂತ ಆಗಾಗ ಯೋಚಿಸುತ್ತೇನೆ.

ಇದು ನಮ್ಮೂರಿಗೆ ಹೊಸದೇನಲ್ಲ. ಬಳ್ಳಾರಿ ನಾಟಕದ ಊರು, ಬಳ್ಳಾರಿ ರಾಘವರ ಊರು. ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ಮುಂದೆ ಕೂರುವ ಮಾಸ್ತರರನ್ನು ನೋಡಿ. ಕಣ್ಣು ಪಾತ್ರಧಾರಿಯ ಮೇಲೆ, ಕಾಲು ತಿದಿಯ ಮೇಲೆ. ಆಕೆ ಉಸಿರು ಎಳೆದುಕೊಂಡರೆ ಇವರಿಗೆ ಗೊತ್ತಾಗುತ್ತದೆ, ರಂಗಗೀತೆ ಬರುತ್ತಿದೆ ಅಂತ. ಹಾಡು ಶುರುವಾದರೆ ಪೇಟಿ ಕೆಳಗೆ, ಸಾಲು ಮುಗಿದರೆ ಪೇಟಿ ಮೇಲೆ. ಫೇಡರ್ ಅನ್ನುವ ವಸ್ತುವೇ ಇಲ್ಲದ ಕಾಲದಿಂದ ಇದು ನಡೆದುಬಂದಿದೆ. ಕೊನೆಯ ಸಾಲಿನಲ್ಲಿ ಕೂತವನಿಗೆ ಮಾತು ಕೇಳಿಸಬೇಕು ಅನ್ನುವುದೊಂದೇ ನಿಯಮ. ಗಿಟಾರ್ ಹುಡುಗರು ರಾಘವ ಕಲಾಮಂದಿರಕ್ಕೆ ಹೋಗಿ ಒಂದು ನಾಟಕ ಕೂತು ನೋಡಿದರೆ ಯೂಟ್ಯೂಬ್‌ನ ಹತ್ತು ಪಾಠಕ್ಕಿಂತ ಜಾಸ್ತಿ ಸಿಗುತ್ತದೆ.

ಸರಿ, ಈಗ ಸ್ವಲ್ಪ ಕೆಲಸದ ವಿಷಯ. ಫೆಸ್ಟ್‌ಗಳಲ್ಲಿ ಮೆಟಲ್ ಬಾರಿಸುವ ಹುಡುಗರೆಲ್ಲ ಕೇಳುವ ಮಾತು ಒಂದೇ, "ಅಣ್ಣಾ, ಗಿಟಾರ್ ಕೇಳಿಸ್ತಿಲ್ಲ, ಸ್ವಲ್ಪ ಏರಿಸ್ರಿ." ಹೋಗಿ ನೋಡಿದರೆ ಪ್ರೊಸೆಸರ್‌ನಲ್ಲಿ ಬಾಸ್ ಹತ್ತು, ಟ್ರೆಬಲ್ ಹತ್ತು, ಮಿಡ್ ಸೊನ್ನೆ. ಮನೆಯಲ್ಲಿ ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ಬಾರಿಸುವಾಗ ಅದು ಭರ್ಜರಿಯಾಗಿ ಕೇಳಿಸುತ್ತದೆ, ಒಪ್ಪುತ್ತೇನೆ. ಬ್ಯಾಂಡ್ ಜೊತೆ ನಿಂತರೆ ಕೆಳಗಿನ ಸದ್ದನ್ನು ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್ ತಿಂದುಹಾಕುತ್ತವೆ, ಮೇಲಿನದನ್ನು ಡ್ರಮ್ ಸೆಟ್ಟಿನ ಸಿಂಬಲ್ ತಟ್ಟೆ ತಿನ್ನುತ್ತದೆ. ಗಿಟಾರ್ ಬದುಕುವುದೇ ಮಧ್ಯದಲ್ಲಿ, ಆ ಮಧ್ಯವನ್ನೇ ಇವನು ಕಿತ್ತುಹಾಕಿದ್ದಾನೆ. ಆಮೇಲೆ ನಾನು ಎಷ್ಟು ಏರಿಸಿದರೂ ಗದ್ದಲ ಜಾಸ್ತಿಯಾಗುತ್ತದೆ ಹೊರತು ಗಿಟಾರ್ ಕೇಳಿಸುವುದಿಲ್ಲ. "ಮಿಡ್ ಏರಿಸು ತಮ್ಮಾ" ಅಂದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ.

ಇನ್ನೊಂದು, ಆಂಪ್ ಇಡುವ ಜಾಗ. ಗಿಟಾರ್ ಆಂಪ್‌ನ ಟ್ರೆಬಲ್ ನೇರಕ್ಕೆ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ಬಾರಿಸುವವನ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ. ಸೌಂಡ್ ಮಂಕಾಗಿದೆ ಅಂದುಕೊಂಡು ಅವನು ಟ್ರೆಬಲ್ ಏರಿಸುತ್ತಾನೆ, ಅದು ಸೀದಾ ಮೊದಲ ಸಾಲಿನವರ ಕಿವಿ ಕೊರೆಯುತ್ತದೆ. ಒಂದು ಕುರ್ಚಿ ಮೇಲೆ ಇಟ್ಟು ಹಿಂದಕ್ಕೆ ವಾಲಿಸಿದರೆ ಮುಗಿಯಿತು. ಅನುಭವ ಇದ್ದವನು ಬಂದವನೇ ಕುರ್ಚಿ ಹುಡುಕುತ್ತಾನೆ.

ರಿದಮ್ ಬಾರಿಸುವವರ, ಅಂದರೆ ಸೋಲೋ ಬಿಟ್ಟು ಹಾಡಿನ ಉದ್ದಕ್ಕೂ ತಾಳ ಹಿಡಿದು ಬಾರಿಸುವವರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಸಿಟ್ಟು. ಎಸಿ/ಡಿಸಿ ಬ್ಯಾಂಡ್ ಅಂದರೆ ಎಲ್ಲರಿಗೂ ಶಾಲೆಯ ಯೂನಿಫಾರ್ಮ್ ಚಡ್ಡಿ ಹಾಕಿಕೊಂಡು ಸ್ಟೇಜ್ ತುಂಬ ಓಡುವ ಆಂಗಸ್ ಯಂಗ್ ನೆನಪಾಗುತ್ತಾರೆ. ಅವರ ಅಣ್ಣ ಮಾಲ್ಕಮ್ ಯಂಗ್ ಹಿಂದೆ ಡ್ರಮ್ ಪಕ್ಕ ನಿಂತಿರುತ್ತಿದ್ದರು. ಕೋರಸ್ ಬಂದಾಗ ಮುಂದೆ ಬಂದು ಮೈಕ್‌ನಲ್ಲಿ ಹಾಡಿ, ಮತ್ತೆ ಹಿಂದೆ ಹೋಗಿ ನಿಲ್ಲುತ್ತಿದ್ದರು. ಹಳೇ ಗ್ರೆಚ್ ಗಿಟಾರ್, ಬ್ರಿಡ್ಜ್ ಹತ್ತಿರದ ಪಿಕಪ್ (ತಂತಿಯ ಅದಿರಾಟ ಹಿಡಿಯುವ ಭಾಗ) ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತುಹಾಕಿದ್ದರು, ದಪ್ಪ ತಂತಿ, ಡಿಸ್ಟಾರ್ಷನ್ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಕಡಿಮೆ ಡಿಸ್ಟಾರ್ಷನ್ ಇದ್ದರೆ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ಕೈ ತಪ್ಪಿದರೂ ಕೇಳಿಸುತ್ತದೆ. ಹಾಗೆ ಬಾರಿಸಲು ಧೈರ್ಯ ಬೇಕು. ಆಂಗಸ್ ನೆಲದ ಮೇಲೆ ಬಿದ್ದು ಹೊರಳಾಡುತ್ತಾ ಸೋಲೋ ಬಾರಿಸುವಾಗ ಹಾಡು ಒಂದು ಚೂರೂ ಅಲ್ಲಾಡುತ್ತಿರಲಿಲ್ಲ ಅಂದರೆ ಕಾರಣ ಹಿಂದೆ ನಿಂತ ಈ ಮನುಷ್ಯ. 2017ರಲ್ಲಿ ತೀರಿಕೊಂಡರು.

ಮೆಟಲ್ ಬ್ಯಾಂಡ್ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ಗೆಳೆಯರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆವು. ಎಲ್ಲರೂ ಕರ್ಕ್ ಹ್ಯಾಮೆಟ್ ಸೋಲೋಗೆ ಕಾಯುತ್ತಿದ್ದರು. ನಾನು ಜೇಮ್ಸ್ ಹೆಟ್‌ಫೀಲ್ಡ್ ಬಲಗೈ ನೋಡುತ್ತಾ ನಿಂತುಬಿಟ್ಟೆ. ಆ ವೇಗದಲ್ಲಿ ಮೇಲೆ-ಕೆಳಗೆ ಬಾರಿಸುವುದೇ ಕಷ್ಟ, ಈತ ಬರೀ ಕೆಳಮುಖದ ಹೊಡೆತದಲ್ಲೇ ಬಾರಿಸುತ್ತಾರೆ, ಜೊತೆಗೆ ಹಾಡುತ್ತಾರೆ ಬೇರೆ. ಎಲ್ಲ ಹೊಡೆತವೂ ಒಂದೇ ತೂಕ. ಅಷ್ಟು ದೊಡ್ಡ ಮೈದಾನದಲ್ಲಿ, ಅಷ್ಟು ಜನರ ಕೂಗಾಟದಲ್ಲಿ, ಹಿಂದೆ ನಿಂತ ನಮಗೂ ಅದು ಬಿಡಿಯಾಗಿ ಕೇಳಿಸಿತು. ನನ್ನ ಗೆಳೆಯನೊಬ್ಬ ಇವತ್ತಿಗೂ ಆ ರಾತ್ರಿಯ ಸೋಲೋಗಳ ಬಗ್ಗೆ ಮಾತಾಡುತ್ತಾನೆ. ನನಗೆ ಒಂದೂ ನೆನಪಿಲ್ಲ.

ನಮ್ಮ ಊರಿಗೇ ಸೇರಿದ ಕಷ್ಟ ಒಂದಿದೆ, ಬಿಸಿಲು. ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ತೆರೆದ ಮೈದಾನದಲ್ಲಿ ಸೌಂಡ್‌ಚೆಕ್ ಮಾಡಿದರೆ ಗಿಟಾರ್ ತಂತಿ ಮುಟ್ಟಿದರೆ ಬೆರಳು ಸುಡುತ್ತದೆ. ಕಾದ ತಂತಿ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಆಗ ಶ್ರುತಿ ಮಾಡಿ ಇಟ್ಟು ಹೋದರೆ ರಾತ್ರಿ ಎಂಟಕ್ಕೆ ತಂಪಾಗಿ ಎಲ್ಲ ತಂತಿಯೂ ಮೇಲೆ ಹೋಗಿರುತ್ತದೆ. ಅದರಲ್ಲೂ ಸಣ್ಣ ತಂತಿ ಒಂದು ಲೆಕ್ಕ, ದಪ್ಪ ತಂತಿ ಇನ್ನೊಂದು ಲೆಕ್ಕ. ಅಮೆರಿಕದ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ವ್ಯಾಮಿ ಬಾರ್ ಹಿಡಿದು ಜಗ್ಗಾಡುತ್ತಿದ್ದರಿಂದ ಶ್ರುತಿ ನಿಲ್ಲುತ್ತಲೇ ಇರಲಿಲ್ಲ. ಹಾಡುಗಳ ಮಧ್ಯೆ ಜನರ ಜೊತೆ ಮಾತಾಡುತ್ತಾ ತಂತಿ ತಿರುವಿಕೊಳ್ಳುವುದು, ಬಾರಿಸುತ್ತಲೇ ಕೆಳಗಿಳಿದ ತಂತಿಯನ್ನು ಬೆರಳಲ್ಲಿ ಎಳೆದು ಸರಿ ಸ್ವರಕ್ಕೆ ಮುಟ್ಟಿಸುವುದು, ಇವೆಲ್ಲ ಕಿವಿಯ ಕೆಲಸ. ಐರ್ಲೆಂಡ್‌ನ ರೋರಿ ಗ್ಯಾಲಗರ್ ಸ್ಟೇಜ್ ಮೇಲೆ ಎಷ್ಟು ಬೆವರುತ್ತಿದ್ದರೆಂದರೆ ಅವರ 1961ರ ಸ್ಟ್ರಾಟೋಕ್ಯಾಸ್ಟರ್ ಗಿಟಾರ್‌ನ ಬಣ್ಣವೇ ಕಿತ್ತುಬಂದು ಮರ ಕಾಣಿಸುತ್ತಿತ್ತು. ಗಲಭೆ ಜೋರಾಗಿದ್ದ 1970ರ ದಶಕದಲ್ಲಿ ಬೇರೆ ಬ್ಯಾಂಡ್‌ಗಳು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್ ಕಡೆ ತಲೆಹಾಕಲು ಹಿಂಜರಿಯುತ್ತಿದ್ದಾಗ ಈತ ಹೋಗಿ ಬಾರಿಸಿ ಬರುತ್ತಿದ್ದರು. ಇವರ ಲೈವ್ ರೆಕಾರ್ಡಿಂಗ್ ಕೇಳದೆ ಲೈವ್ ಗಿಟಾರ್ ಬಗ್ಗೆ ವಾದ ಮಾಡುವವರ ಜೊತೆ ನಾನು ಜಾಸ್ತಿ ಮಾತಾಡುವುದಿಲ್ಲ, ಅದು ನನ್ನ ಹಟ.

ಕರೆಂಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಪೆಂಡಾಲ್‌ನಲ್ಲಿ ಸೀರಿಯಲ್ ಸೆಟ್, ಟ್ಯೂಬ್‌ಲೈಟ್, ಜನರೇಟರ್ ಎಲ್ಲ ಸೇರಿ ಗಿಟಾರ್ ಒಳಗೆ "ಗುಂಯ್" ಅನ್ನುವ ಸದ್ದು ತುಂಬುತ್ತದೆ. ಒಂದೇ ಸುರುಳಿಯ ಪಿಕಪ್ ಇದ್ದರೆ ಇನ್ನೂ ಜಾಸ್ತಿ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರ ಹೊತ್ತಿಗೆ ಎರಡು ಸುರುಳಿ ಉಲ್ಟಾ ಜೋಡಿಸಿ ಹಂಬಕರ್ ಮಾಡಿದ್ದೇ ಈ ಗುಂಯ್ ಅನ್ನು ಕೊಲ್ಲುವುದಕ್ಕೆ. ಅದು ಕಿರಿಕಿರಿ ಅಷ್ಟೇ, ಅರ್ಥಿಂಗ್ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರಿಸ್ಟ್ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ಸ್ಟೇಜ್ ಮೇಲೆಯೇ ಸತ್ತರು. ವಯಸ್ಸು 27. ಅದಕ್ಕೇ ಗಿಟಾರ್ ಹಿಡಿದುಕೊಂಡು "ಹಲೋ ಹಲೋ" ಅನ್ನಲು ಮೈಕ್‌ಗೆ ತುಟಿ ಹಚ್ಚುವ ಮೊದಲು ಟೆಸ್ಟರ್ ಇಟ್ಟು ನೋಡು ಅಂತ ಕೇಳುವ ಗಿಟಾರಿಸ್ಟ್ ಕಂಡರೆ ನನಗೆ ಪ್ರೀತಿ.

ಹಾಗಾದರೆ ಶೋ ಬೇಡವಾ, ಕೈ ಕಟ್ಟಿ ನಿಲ್ಲಬೇಕಾ ಅಂತ ಕೇಳಬಹುದು. ಬೇಕು ಸ್ವಾಮಿ, ರಾಕ್ ಅಲ್ವಾ. ದ ಹೂ ಬ್ಯಾಂಡ್‌ನ ಪೀಟ್ ಟೌನ್‌ಶೆಂಡ್ ಗಾಳಿಯಂತ್ರದ ಹಾಗೆ ಕೈ ಬೀಸಿ ಬಾರಿಸುತ್ತಿದ್ದರು, ಗಿಟಾರ್ ಒಡೆದು ಹಾಕುತ್ತಿದ್ದರು. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಅವರು ಬಾರಿಸಿದ ರೆಕಾರ್ಡಿಂಗ್ ಕೇಳಿ. ಕೈ ಬೀಸುವುದು ಅಲ್ಲಿ ಕಾಣಿಸುವುದಿಲ್ಲ. ಕೇಳಿಸುವುದು ಏನೆಂದರೆ, ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹೊಡೆದು ಅದನ್ನು ಹಾಗೇ ಮೊಳಗಲು ಬಿಟ್ಟು, ಜೊತೆಗಾರರಾದ ಎಂಟ್‌ವಿಸಲ್ ಅವರ ಬಾಸ್‌ಗೂ ಮೂನ್ ಅವರ ಡ್ರಮ್‌ಗೂ ಜಾಗ ಮಾಡಿಕೊಡುವುದು. ಅಮೆರಿಕದ ಗಾಯಕ, ಗಿಟಾರಿಸ್ಟ್ ಪ್ರಿನ್ಸ್ ಕೂಡ ಅಷ್ಟೇ. 2004ರಲ್ಲಿ ನ್ಯೂಯಾರ್ಕ್‌ನಲ್ಲಿ ಬೀಟಲ್ಸ್ ಬ್ಯಾಂಡ್‌ನ ಜಾರ್ಜ್ ಹ್ಯಾರಿಸನ್ ಗೌರವಕ್ಕೆ ನಡೆದ ಹಾಡಿನಲ್ಲಿ ಕೊನೆಗೆ ಗಿಟಾರ್ ಮೇಲಕ್ಕೆ ಎಸೆದು ನಡೆದುಹೋದದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಅದಕ್ಕೂ ಮುಂಚೆ ಮೂರು ನಿಮಿಷಕ್ಕಿಂತ ಜಾಸ್ತಿ ಅವರು ಒಂದು ಬದಿಯಲ್ಲಿ ನಿಂತು ಸುಮ್ನೆ ರಿದಮ್ ಬಾರಿಸುತ್ತಿದ್ದರು. ಅವರು ಅಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ ಹಿರಿಯ ಗಿಟಾರಿಸ್ಟ್ ಒಬ್ಬರಿದ್ದಾರೆ, ಗಂಗಾವತಿ ಕಡೆಯವರು. ರಾತ್ರಿ ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸುವ ಮೊದಲು ಹುಡುಗರು ಒಂದು ರಾಕ್ ಹಾಡಿಗೆ ಗಲಾಟೆ ಮಾಡುತ್ತಾರೆ, ಆಗ ಇವರು ಬಾರಿಸುತ್ತಾರೆ. ಅಗ್ಗದ ಗಿಟಾರ್, ಒಂದು ಪೆಡಲ್, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಾರೆ. ಅವರ ಫೇಡರ್ ನಾನು ಮುಟ್ಟಿದ ನೆನಪಿಲ್ಲ. ಒಂದು ಸಲ ಗಣೇಶನ ಕಮಿಟಿಯ ಯಜಮಾನರು ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಆ ಗಿಟಾರ್‌ನವ್ರು ಸುಮ್ನೆ ನಿಂತಿದ್ರಪ್ಪ, ಅವ್ರ ದುಡ್ಡಲ್ಲಿ ಸ್ವಲ್ಪ ಕಡಿಮೆ ಮಾಡ್ಲಾ?" ಅಂತ ಕೇಳಿದರು. "ಅವರಿಗೆ ಕಡಿಮೆ ಮಾಡಿದ್ರೆ ನನಗೂ ಮಾಡ್ಬೇಕಾಗ್ತದ್ರೀ, ನಾನೂ ಸುಮ್ನೇ ನಿಂತಿದ್ದೆ, ಅವರಿಂದಾಗಿ" ಅಂದೆ. ಪೂರ್ತಿ ದುಡ್ಡು ಕೊಟ್ಟರು. ಮುಂದಿನ ವರ್ಷ ಡಿಜೆ ಕರೆಸಿದರು.