ಸ್ಯಾಂಟ್ರೊ ಬೆನ್ನಿನ ಅಕ್ಷರಗಳು

ಅಪ್ಪನ ಕೆಂಪು ಸ್ಯಾಂಟ್ರೊ 2009ರದ್ದು. ಹದಿನೈದು ವರ್ಷ ತುಂಬಿತು ಅಂತ 2024ರಲ್ಲಿ ಆರ್‌ಟಿಒಗೆ ಓಡಾಡಿ, ಎಫ್‌ಸಿ ಮಾಡಿಸಿ, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡೆವು. 2019ರ ಏಪ್ರಿಲ್ 1ಕ್ಕಿಂತ ಹಿಂದೆ ನೋಂದಣಿಯಾದ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟು ಕಡ್ಡಾಯ ಅಂತ ಸರ್ಕಾರ ಗಡುವಿನ ಮೇಲೆ ಗಡುವು ಕೊಡುತ್ತಿದ್ದ ಕಾಲ, ಅದನ್ನೂ ಹಾಕಿಸಿಯಾಯಿತು. ಕೆಲಸ ಮೈಮೇಲೆ ಬಿದ್ದಿದ್ದು ಆಮೇಲೆ. ಹೊಸ ಪ್ಲೇಟಿನ ಅಶೋಕ ಚಕ್ರದ ಹಾಲೋಗ್ರಾಂ ಫಳಫಳ ಅನ್ನುತ್ತಿದ್ದರೆ, ಅದರ ಮೇಲೆ ಡಿಕ್ಕಿ ಬಾಗಿಲಲ್ಲಿ ಗಾಡಿಯ ಹೆಸರು ಕ್ರೋಮ್ ಲೇಪ ಎದ್ದು, ಅರ್ಧ ಬೂದು ಅರ್ಧ ಬಿಳಿಯಾಗಿ ಕೂತಿತ್ತು. ಒಂದೆರಡು ಅಕ್ಷರ ಯಾವತ್ತೋ ಉದುರಿಹೋಗಿದ್ದವು. ಇಷ್ಟು ವರ್ಷ ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಈ ಅಕ್ಷರಗಳು ಲೋಹದವಲ್ಲ, ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನವು. ಪ್ಲಾಸ್ಟಿಕ್ಕಿನ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಆ ಕೊನೆಯ ಪದರ ಒಂದು ಮೈಕ್ರಾನ್‌ನಷ್ಟೂ ದಪ್ಪ ಇರುವುದಿಲ್ಲ. ಎಲ್ಲೋ ಒಂದು ಕಡೆ ಗೀರು ಬಿದ್ದು ನೀರು ಇಳಿದರೆ ಸಾಕು, ಒಳಗಿಂದೊಳಗೇ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ. ಗಾಡಿ ಒರೆಸುವಾಗ ಅಪ್ಪನ ಬೆರಳು ಕುಯ್ದುಕೊಂಡ ಮೇಲೆ ಅವರು ತೀರ್ಮಾನ ಹೇಳಿಬಿಟ್ಟರು: "ಕಿತ್ತು ಬಿಸಾಕು. ಹೆಸರಿಲ್ದೇ ಇದ್ರೆ ಗಾಡಿ ಓಡಲ್ವಾ?"

ಓಡುತ್ತದೆ. ಆದರೆ ಕಿತ್ತರೂ ಹೆಸರು ಹೋಗುವುದಿಲ್ಲ ಅನ್ನುವುದು ಕಿತ್ತ ಮೇಲೇ ಗೊತ್ತಾಗುವುದು.

ಕೀಳುವ ಮೊದಲು ಅಕ್ಷರಗಳ ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಲ್ಲಿ ಅಚ್ಚು ತೆಗೆದುಕೊಂಡೆ. ಮೇಲೆ, ಕೆಳಗೆ, ಪಕ್ಕದಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿ ಗಡಿ ಹಾಕಿದೆ. ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಅಕ್ಷರದ ಹಿಂದೆ ತೂರಿಸಿ, ಗರಗಸ ಎಳೆದ ಹಾಗೆ ಅತ್ತಿತ್ತ ಎಳೆದರೆ ಅಂಟು ಕತ್ತರಿಸಿಕೊಂಡು ಬರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಮೀಟುವವರನ್ನು ನೋಡಿದ್ದೇನೆ. ಬಣ್ಣದ ಗತಿ ದೇವರಿಗೇ ಪ್ರೀತಿ. ಇನ್ನೊಂದು ವಿಷಯ. ನಡುವಿನ ದೊಡ್ಡ ಲಾಂಛನಕ್ಕೆ ಕೆಲವು ಗಾಡಿಗಳಲ್ಲಿ ಹಿಂದೆ ಪಿನ್ ಇರುತ್ತದೆ, ತಗಡಿನ ತೂತಿನಲ್ಲಿ ಕೂತಿರುತ್ತದೆ. ದಾರ ಅಲ್ಲಿ ಸಿಕ್ಕಿಕೊಂಡರೆ ಬಲ ಹಾಕಬಾರದು, ನೇರ ಹಿಂದಕ್ಕೆ ಎಳೆಯಬೇಕು.

ಉಳಿದ ಸ್ಪಂಜಿನ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯುವುದೇ ಈ ಕೆಲಸದಲ್ಲಿ ಬೇಸರದ ಭಾಗ. ಪಕ್ಕದ ಗ್ಯಾರೇಜಿನ ಹುಡುಗ "ಥಿನ್ನರ್ ಹಾಕಿ ಸಾರ್, ಎರಡು ನಿಮಿಷ" ಅಂದ. ಎರಡು ನಿಮಿಷದಲ್ಲಿ ಬಣ್ಣವೂ ಬರುತ್ತದಪ್ಪಾ, ಬೇಡ ಅಂದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯೇ ಸಾಕಾಯಿತು.

ಒರೆಸಿ ಎದ್ದು ನಿಂತಾಗ ಡಿಕ್ಕಿಯ ಮೇಲೆ ಹೆಸರು ಹಾಗೇ ಇತ್ತು! ಬಿಸಿಲಿಗೆ ಬೇಗ ಮಾಸುವ ಬಣ್ಣಗಳಲ್ಲಿ ಕೆಂಪು ಮುಂದು. ಸುತ್ತ ಎಲ್ಲ ಕಳೆಗುಂದಿದ್ದರೆ ಅಕ್ಷರಗಳ ಅಡಿಯಲ್ಲಿ ಮಾತ್ರ ಶೋರೂಮಿನಿಂದ ತಂದ ದಿನದ ಕೆಂಪು. ಉದುರಿಹೋದ ಅಕ್ಷರಗಳ ಗುರುತೂ ಅದರಲ್ಲಿ ತಿಳಿಯಾಗಿ ಕಾಣುತ್ತಿತ್ತು. ಬಣ್ಣ ಉಜ್ಜಿ ಹೊಳಪು ತರಿಸುವ ಕಾಂಪೌಂಡ್ ಹಾಕಿ ತಿಕ್ಕಿದೆ, ಸುತ್ತಲ ಬಣ್ಣಕ್ಕೆ ಸ್ವಲ್ಪ ಜೀವ ಬಂತು, ಹೆಸರು ಅಳಿಸಲಿಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದವರು, "ಹಂಗಾದ್ರೆ ಹೊಸದೇ ತಂದು ಹಾಕ್ಬಿಡು" ಅಂದರು.

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿ ಎಂಬ್ಲೆಮ್ ಅಂತ ಕೇಳಿದರೆ ಒಂದು ಕ್ಷಣ ಮುಖ ನೋಡುತ್ತಾರೆ, ಮೋನೋಗ್ರಾಂ ಅನ್ನಬೇಕು. ಅಂಗಡಿಯವರು ಎರಡು ತಂದಿಟ್ಟರು. ಒಂದು ಲೋಕಲ್ ಪ್ಲಾಸ್ಟಿಕ್ ಕವರಿನದು, ಇನ್ನೊಂದು ಹ್ಯುಂಡೈನವರದೇ ಬಿಡಿಭಾಗದ ಕಂಪನಿ ಮೋಬಿಸ್‌ನ ಪ್ಯಾಕೆಟ್ಟಿನ ಒರಿಜಿನಲ್. ಬೆಲೆಯಲ್ಲಿ ಭಾರಿ ಅಂತರ. ಲೋಕಲ್‌ದು ಇನ್ನೂ ಹೆಚ್ಚೇ ಹೊಳೆಯುತ್ತಿತ್ತು, ತುಸು ನೀಲಿ ಛಾಯೆಯ ಹೊಳಪು. ಬಟರ್ ಪೇಪರ್ ಬಿಚ್ಚಿ ಇಟ್ಟು ನೋಡಿದೆವು. ಲೋಕಲ್ ಅಕ್ಷರಗಳು ಅಚ್ಚಿಗಿಂತ ಕೂದಲೆಳೆಯಷ್ಟು ಸಪೂರ. ಅಂಟಿಸಿದರೆ ಪ್ರತಿ ಅಕ್ಷರದ ಬದಿಯಲ್ಲೂ ಹಳೆಯ ಕೆಂಪು ಇಣುಕುವುದು ಖಂಡಿತ. ಒರಿಜಿನಲ್ ಗೆರೆಗೆ ಗೆರೆ ಕೂತಿತು. ದುಬಾರಿಯದು ಕೊಳ್ಳಲು ನನಗೆ ಸಿಕ್ಕ ಕಾರಣ ಅದೊಂದೇ, ಅದೇ ಸಾಕು.

ನಮ್ಮದು ಜಿಎಲ್ ಮಾಡೆಲ್ಲು, ಜಿಎಲ್‌ಎಸ್ ಅದಕ್ಕಿಂತ ಮೇಲಿನದು. ಅಂಗಡಿಯವರು ಧಾರಾಳವಾಗಿ, "ಜಿಎಲ್‌ಎಸ್ಸೇ ಹಾಕೊಳ್ಳಿ ಸಾರ್, ರೇಟು ಒಂದೇ. ಎಲ್ರೂ ಹಾಕ್ತಾರೆ" ಅಂದರು. ಅಪ್ಪ ನಕ್ಕರು. "ಬೇಡಿ. ಪಾಸಾಗ್ದೇ ಇರೋ ಡಿಗ್ರೀನ ಬೋರ್ಡಲ್ಲಿ ಬರಸ್ಕೊಂಡಂಗಾಗತ್ತೆ." ಅಂಗಡಿಯವರೂ ನಕ್ಕು ಜಿಎಲ್ ಹುಡುಕಿ ಕೊಟ್ಟರು. ಎಲ್ಲ ಗಾಡಿಗೂ ಮೇಲಿನ ಮಾಡೆಲ್ಲಿನ ಅಕ್ಷರ ಅಂಟಿಸಿಕೊಂಡು ಓಡಾಡುವ ಈ ಚಟ ನನಗೂ ಹಿಡಿಸುವುದಿಲ್ಲ. ಆದರೂ ಅಪ್ಪ ಅಷ್ಟು ಗಟ್ಟಿಯಾಗಿ ಹೇಳುತ್ತಾರೆ ಅಂದುಕೊಂಡಿರಲಿಲ್ಲ.

ಅಂಟಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆಪಸೆ ತೆಗೆದು, ತಗಡು ಬೆಚ್ಚಗಿರುವಾಗ, ಹಳೆಯ ಕೆಂಪಿನ ಮೇಲೇ ಇಟ್ಟು ಒತ್ತಿ ಹಿಡಿದರಾಯಿತು. ಈ ಜಾತಿಯ ಅಕ್ರಿಲಿಕ್ ಫೋಮ್ ಟೇಪು ಅರ್ಧ ಬಲವನ್ನು 20 ನಿಮಿಷದಲ್ಲೇ ಹಿಡಿಯುತ್ತದೆ, ಪೂರ್ತಿ ಹಿಡಿಯಲು 72 ಗಂಟೆ ಬೇಕು. ಅಲ್ಲಿವರೆಗೆ ಪ್ರೆಷರ್ ವಾಷ್ ಮಾಡಿಸಬಾರದು. ಅಪ್ಪನಿಗೆ ಇದನ್ನು ಹೇಳಿದ್ದಕ್ಕೆ ಮೂರು ದಿನ ಗಾಡಿಗೆ ಒಂದು ಹನಿ ನೀರು ಸೋಕಿಸಲಿಲ್ಲ, ಪಕ್ಕದ ಮನೆಯ ಮಕ್ಕಳನ್ನು ಹತ್ತಿರ ಬಿಡಲೂ ಇಲ್ಲ.

ಮುಂದಿನ ಗ್ರಿಲ್ಲಿನ ಲಾಂಛನ ಇನ್ನೂ ಗಟ್ಟಿಯಾಗಿದೆ, ಅದನ್ನು ಮುಟ್ಟಲಿಲ್ಲ. ಆದರೆ ಅಪ್ಪನ ಕಣ್ಣೀಗ ಬಾಗಿಲ ಬದಿಯ ಕಪ್ಪು ಪಟ್ಟಿಯ ಮೇಲೆ ಬಿದ್ದಿದೆ. ಒಂದು ತುದಿ ಎದ್ದಿದೆಯಂತೆ. ಟೇಪು ಉಳಿದಿದೆಯಾ ಅಂತ ಆಗಲೇ ಎರಡು ಸಲ ಕೇಳಿಯಾಯಿತು.