ಮಂಕಾದ ಮರಿಗೆ ಮೊದಲು ಕಾವು, ಆಮೇಲೆ ನೀರು, ಕೊನೆಗೆ ಆಹಾರ

ಪುಲ್ ಔಟ್, ಅಂದರೆ ಒಡೆದ ಕೋಳಿ ಮರಿಗಳನ್ನು ಯಂತ್ರದಿಂದ ಹೊರತೆಗೆಯುವ ಕೆಲಸ, ಆದ ಮಾರನೆಯ ದಿನ ಹ್ಯಾಚರಿಯ ಫೋನಿಗೆ ಬಿಡುವೇ ಇರುವುದಿಲ್ಲ. ಮರಿ ಒಯ್ದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಒಂದು ಮರಿ ಮಂಕಾಗಿದೆ, ಯಾವ ಔಷಧಿ ಕೊಡಲಿ?" ಈಚೆಗೆ ಬಂದ ಒಂದು ಕರೆ ಇನ್ನೂ ಕೊರೆಯುತ್ತಿದೆ. ಆಗಷ್ಟೇ ಮನೆ ಸೇರಿದ ಮರಿ, ಪಾದ ತಣ್ಣಗೆ, ಕಣ್ಣು ಅರ್ಧ ಮುಚ್ಚಿದೆ. ಫೋನ್ ಮಾಡುವ ಮೊದಲೇ ಸಿರಿಂಜಿನಲ್ಲಿ ಸಕ್ಕರೆ ನೀರನ್ನು ಗಂಟಲಿಗೆ ಬಿಟ್ಟಾಗಿತ್ತು. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಬರುತ್ತಿದೆ ಅಂದಾಗ ಈ ಕಡೆ ಕೂತವರಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಶ್ವಾಸಕೋಶಕ್ಕೆ ನೀರು ಹೋಗಿತ್ತು. ಮಾಡಿದ್ದೆಲ್ಲ ಅಕ್ಕರೆಯಿಂದಲೇ, ಆದರೆ ಕ್ರಮ ತಲೆಕೆಳಗಾಗಿತ್ತು.

ಮರಿ ಬಾಕ್ಸಿನ ಜೊತೆ ಕೊಡುವ ಕರಪತ್ರದಲ್ಲಿ ಲಸಿಕೆ ಪಟ್ಟಿ ಇದೆ, ಫೀಡ್ ಚಾರ್ಟ್ ಇದೆ. ಮಂಕಾದ ಮರಿಗೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅನ್ನುವ ಒಂದು ಸಾಲೂ ಇಲ್ಲ. ಮೀಟಿಂಗಿನಲ್ಲಿ ಕೇಳಿದಾಗಲೆಲ್ಲ ಸಿಗುವ ಉತ್ತರ "ಮುಂದಿನ ಪ್ರಿಂಟಿನಲ್ಲಿ ನೋಡೋಣ". ಆ ಪ್ರಿಂಟು ಬರುವವರೆಗೆ ಮರಿಗಳು ಕಾಯುವುದಿಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆರೋಗ್ಯವಂತ ಮರಿಯ ವೆಂಟ್ ಟೆಂಪ್, ಅಂದರೆ ಹಿಕ್ಕೆ ಹಾಕುವ ದ್ವಾರದಲ್ಲಿ ಅಳೆದ ಮೈ ಬಿಸಿ, 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮೊದಲ ಕೆಲವು ದಿನ ಅದಕ್ಕೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಹೊರಗಿನ ಕಾವು ತಪ್ಪಿದರೆ ಮೈ ಬೇಗ ತಣಿಯುತ್ತದೆ. ತಣಿದ ಮರಿಯ ಕ್ರಾಪ್ (ಕತ್ತಿನ ಬುಡದಲ್ಲಿ ತಿಂದದ್ದು ಸೇರುವ ಚೀಲ), ಕರುಳು ನಿಧಾನವಾಗುತ್ತವೆ, ನುಂಗುವ ಶಕ್ತಿ ಕುಂದುತ್ತದೆ. ಆಗ ಬಾಯಿಗೆ ಏನು ಹಾಕಿದರೂ ಒಂದೋ ಉಸಿರಿನ ದಾರಿ ಹಿಡಿಯುತ್ತದೆ, ಇಲ್ಲವೇ ಕ್ರಾಪಿನಲ್ಲೇ ಕೂತು ಹುಳಿಯುತ್ತದೆ. ಹಾಗಾಗಿ ಮರಿ ಬಿಸಿಯಾಗುವವರೆಗೆ ನೀರೂ ಬೇಡ, ಆಹಾರವೂ ಬೇಡ.

ಮರಿ ತಣಿದಿದೆಯೇ ಎಂದು ನೋಡಲು ಉಪಕರಣ ಬೇಕಿಲ್ಲ. ಅದರ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗೆ ಅನಿಸಿದರೆ ಮೊದಲ ಕೆಲಸ ಕಾವು. ಬೂಸ್ಟು ಹಿಡಿಯದ ರಟ್ಟಿನ ಪೆಟ್ಟಿಗೆ, ತಳಕ್ಕೆ ಒರಟು ಬಟ್ಟೆ, ಒಂದು ಬದಿಗೆ ಬಲ್ಬು. ಬಲ್ಬಿನ ಕೆಳಗೆ, ಮರಿಯ ಬೆನ್ನಿನ ಎತ್ತರದಲ್ಲಿ, ಥರ್ಮಾಮೀಟರ್ 35 ಡಿಗ್ರಿ ತೋರಿಸಬೇಕು. ಇನ್ನೊಂದು ಬದಿ ಅದಕ್ಕಿಂತ ತಂಪಾಗಿರಲಿ, ಸೆಕೆಯಾದರೆ ಮರಿ ಸರಿಯಲು ಜಾಗ ಬೇಕು. ಥರ್ಮಾಮೀಟರನ್ನು ಪೆಟ್ಟಿಗೆಯ ಅಂಚಿಗೆ ತೂಗುಹಾಕಿದರೆ ಅದು ತೋರಿಸುವುದು ಅಂಚಿನ ಗಾಳಿಯ ಬಿಸಿ, ಮರಿ ಕೂತ ಜಾಗದ್ದಲ್ಲ. ಎಲ್‌ಇಡಿ ಬಲ್ಬಿನಿಂದ ಹೇಳಿಕೊಳ್ಳುವಂಥ ಕಾವು ಬರುವುದಿಲ್ಲ. ಹಳೆಯ ತಂತಿಯ ಬಲ್ಬು, 60 ಅಥವಾ 100 ವಾಟಿನದು, ಚಿಕ್ಕ ಪೆಟ್ಟಿಗೆಗೆ ಸಾಕು. ದೊಡ್ಡ ಶೆಡ್ಡಿನ 250 ವಾಟಿನ ಲ್ಯಾಂಪನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟರೆ ಬೆಂಕಿ ಹತ್ತುವ ಅಪಾಯವಿದೆ. ಬಲ್ಬು ಯಾವುದೇ ಇರಲಿ, ಬಿದ್ದುಹೋಗದಂತೆ ಎರಡು ಕಡೆ ಬಿಗಿಯಬೇಕು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಮರಿಯ ಪಕ್ಕಕ್ಕಿಡಿ. ನೀರು ತಣಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಆಗಾಗ ಮುಟ್ಟಿ ನೋಡಿ ಬದಲಿಸಬೇಕು. ಮೈ ಒದ್ದೆಯಾಗಿದ್ದರೆ ಮೊದಲು ಒರೆಸಿ ಒಣಗಿಸಿ.

ಇಲ್ಲಿಂದ ಮುಂದಿನ ಇಪ್ಪತ್ತು, ಮೂವತ್ತು ನಿಮಿಷ ಏನೂ ಮಾಡದೆ ಕೂರುವುದೇ ಕಷ್ಟ. ಕೈ ಸುಮ್ಮನಿರುವುದಿಲ್ಲ, ಪಕ್ಕದವರು "ಒಂದು ಹನಿ ಹಾಕಿ ನೋಡಿ" ಅನ್ನುತ್ತಲೇ ಇರುತ್ತಾರೆ. ಹಾಕಬೇಡಿ. ಪಾದ ಬೆಚ್ಚಗಾಗಬೇಕು, ಕಣ್ಣು ತೆರೆಯಬೇಕು, ಕತ್ತು ಎತ್ತಲು ನೋಡಬೇಕು. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಹರವಿಕೊಂಡಿದ್ದರೆ ಕಾವು ಹೆಚ್ಚಾಗಿದೆ, ಬಲ್ಬನ್ನು ಮೇಲಕ್ಕೆತ್ತಿ.

ಈಗ ನೀರು. ಮೊಟ್ಟೆಯೊಡೆಯುವ ಮುಂಚೆ ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಭಾಗ ಮರಿಯನ್ನು 48ರಿಂದ 72 ಗಂಟೆ ಸಾಕಬಲ್ಲದು. ಹಾಗಾಗಿ ಆಹಾರಕ್ಕೆ ಅವಸರವಿಲ್ಲ, ನೀರಿಗೆ ಇದೆ. ಕಾಲಿನ ಚರ್ಮ ಒಣಗಿ ಸುಕ್ಕುಗಟ್ಟಿದ್ದರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ. ಕಾಲು ಲೀಟರ್ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಸಮತಟ್ಟಾಗಿ ಒಂದೂವರೆ ಟೀ ಚಮಚ ಸಕ್ಕರೆ, ಟೀ ಚಮಚದ ಎಂಟನೆಯ ಒಂದು ಭಾಗ ಉಪ್ಪು. ಉಪ್ಪು ಹೆಚ್ಚಾದರೆ ಮರಿಗೆ ವಿಷವಾದೀತು, ಅಂದಾಜಿನಲ್ಲಿ ಹಾಕಬೇಡಿ. ಮಾಡಿದ ನೀರನ್ನು ಅಂದೇ ಚೆಲ್ಲಿ, ಮರುದಿನ ಹೊಸದು ಮಾಡಿ.

ಕುಡಿಸುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. ಉಸಿರಿನ ದಾರಿ ಇರುವುದು ನಾಲಿಗೆಯ ಬುಡದಲ್ಲಿ. ಕೊಕ್ಕು ಬಿಡಿಸಿ ಸಿರಿಂಜು ಒತ್ತಿದರೆ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಮರಿಯನ್ನು ಅಂಗೈಯಲ್ಲಿ ನೆಟ್ಟಗೆ ಕೂರಿಸಿ, ಬೆರಳ ತುದಿಯ ಒಂದು ಹನಿಯನ್ನು ಕೊಕ್ಕಿನ ಪಕ್ಕಕ್ಕೆ ತಾಗಿಸಿ. ಹನಿ ತಾನಾಗಿ ಒಳಗೆ ಹರಿಯುತ್ತದೆ, ಮರಿ ಕೊಕ್ಕು ಆಡಿಸಿ ತಲೆಯೆತ್ತಿ ನುಂಗುತ್ತದೆ. ನುಂಗಿದ್ದನ್ನು ನೋಡಿಯೇ ಮುಂದಿನ ಹನಿ. ನುಂಗದಿದ್ದರೆ ಇನ್ನೂ ಕಾವು ಬೇಕು ಎಂದರ್ಥ. ಐದಾರು ಹನಿ ಸಾಕು, ಅರ್ಧ ಗಂಟೆ ಬಿಟ್ಟು ಮತ್ತೆ ಕೊಡಿ. ಹಾಲು ಬೇಡವೇ ಬೇಡ, ಅದರಲ್ಲಿನ ಲ್ಯಾಕ್ಟೋಸನ್ನು ಕೋಳಿಗಳು ಅರಗಿಸಿಕೊಳ್ಳಲಾರವು.

ನೀರು ಕುಡಿದು ನಿಂತ ಮೇಲೆ ಆಹಾರ. ಸ್ಟಾರ್ಟರ್ ಫೀಡನ್ನು (ಎಳೆಮರಿಗಳ ಆಹಾರ) ಪುಡಿಮಾಡಿ ಬೆಚ್ಚನೆಯ ನೀರಲ್ಲಿ ಕಲಸಿ ಮುಂದಿಟ್ಟು, ಬೆರಳಿನಿಂದ ಕುಟುಕಿ ತೋರಿಸಿ, ಅದು ನೋಡಿ ಕಲಿಯುತ್ತದೆ. ಬೆಂದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ಚಿಟಿಕೆಯಷ್ಟು ಕೊಡಬಹುದು, ಒಂದು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಿರಿ. ರಾತ್ರಿ ಕ್ರಾಪ್ ಮುಟ್ಟಿ ನೋಡಿ: ಮೆತ್ತಗೆ ತುಂಬಿದ್ದರೆ ಸರಿ, ಗಟ್ಟಿಯಾಗಿದ್ದರೆ ನೀರು ಸಾಲದು, ಖಾಲಿಯಾಗಿದ್ದರೆ ತಿಂದಿಲ್ಲ.

ಪೇಸ್ಟಿ ವೆಂಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉಳಿಸಲು ಸುಲಭವಾದ ಮರಿಗಳು ಇದರಲ್ಲಿ ಸುಮ್ಮನೆ ಸಾಯುತ್ತವೆ. ಹಿಕ್ಕೆ ಅಂಟಿ ಒಣಗಿ ದ್ವಾರ ಮುಚ್ಚಿಹೋಗುತ್ತದೆ. ಚಳಿ, ಅತಿಯಾದ ಸೆಕೆ, ಪ್ರಯಾಣದ ಆಯಾಸ, ನೀರಿನ ಕೊರತೆ, ಯಾವುದರಿಂದಲೂ ಹೀಗಾಗಬಹುದು. ಬೆಚ್ಚನೆಯ ನೀರಲ್ಲಿ ಅದ್ದಿದ ಹತ್ತಿಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಅಂಟಿದ್ದು ಮೆತ್ತಗಾಗಿ ತಾನಾಗಿ ಜಾರಬೇಕು. ಒಣಗಿದ್ದನ್ನು ಎಳೆದರೆ ಚರ್ಮವೂ ಜೊತೆಗೆ ಬರುತ್ತದೆ. ಆಮೇಲೆ ಪೂರ್ತಿ ಒಣಗಿಸಿ, ತೆಳುವಾಗಿ ವ್ಯಾಸಲೀನ್ ಸವರಿ, ಬಲ್ಬಿನ ಕೆಳಗೆ ಬಿಡಿ. ಮತ್ತೆ ಅಂಟಿದೆಯೇ ಎಂದು ದಿನಕ್ಕೆ ಎರಡು ಸಲವಾದರೂ ನೋಡಿ.

ಒಂದು ಎಚ್ಚರಿಕೆ. ವೆಂಟ್ ಇರುವುದು ಬಾಲದ ಬುಡದಲ್ಲಿ. ಅದಕ್ಕಿಂತ ಮುಂದೆ, ಹೊಟ್ಟೆಯ ಮೇಲೆ ಕಾಣುವ ಕಪ್ಪು ಚುಕ್ಕೆ ಅಥವಾ ಒಣಗಿದ ದಾರ ಹೊಕ್ಕುಳಿನದು. ಅದನ್ನು ಹಿಕ್ಕೆ ಎಂದುಕೊಂಡು ಕಿತ್ತರೆ ಗಾಯವಾಗುತ್ತದೆ, ಕರುಳೇ ಹೊರಬರಬಹುದು. ಚುಕ್ಕೆ ಇರಲಿ, ದಾರ ಇರಲಿ, ತಾನಾಗಿ ಉದುರುವವರೆಗೆ ಮುಟ್ಟಬಾರದು. ಹೊಕ್ಕುಳು ತೆರೆದು ಒದ್ದೆಯಾಗಿದ್ದರೆ ಹತ್ತಿ ಕಡ್ಡಿಯಲ್ಲಿ ಪೊವಿಡೋನ್ ಅಯೋಡಿನ್ ಮುಟ್ಟಿಸಿ, ಒಣಗಲು ಬಿಡಿ. ಹೊಟ್ಟೆ ಉಬ್ಬಿ, ಚರ್ಮ ನೀಲಿಗಟ್ಟಿ, ದುರ್ವಾಸನೆ ಬರುತ್ತಿದ್ದರೆ ಅದು ಓಂಫಲೈಟಿಸ್, ಅಂದರೆ ಹೊಕ್ಕುಳಿನ ಸೋಂಕು. ಒಳಗಿನ ಹಳದಿ ಭಾಗ ಕೊಳೆಯುತ್ತಿರುತ್ತದೆ, ಇದಕ್ಕೆ ಮನೆಮದ್ದಿಲ್ಲ. ಮರಿಯನ್ನು ತಕ್ಷಣ ಬೇರೆ ಮಾಡಿ, ಪಶುವೈದ್ಯರಿಗೆ ತೋರಿಸಿ.

ಸ್ಪ್ರೆಡ್ ಲೆಗ್, ಅಂದರೆ ಕಾಲುಗಳು ಅಗಲಕ್ಕೆ ಜಾರಿ ನಿಲ್ಲಲಾಗದಿರುವುದು, ಹಲವು ಸಲ ನುಣುಪು ನೆಲದ ಕೊಡುಗೆ. ಪೆಟ್ಟಿಗೆಗೆ ಪೇಪರ್ ಹಾಸುವವರಿಗೆ ಎಷ್ಟು ಹೇಳಿದರೂ ಸಾಲದು. ಕಾಲು ಎರಡು ಬದಿಗೆ ಜಾರಿದ್ದು ಕಂಡ ದಿನವೇ ಕಟ್ಟಬೇಕು, ತಡವಾದಷ್ಟೂ ಮೂಳೆ ಆ ಕೋನದಲ್ಲೇ ಗಟ್ಟಿಯಾಗುತ್ತದೆ. ಬ್ಯಾಂಡೇಜ್ ಪಟ್ಟಿಯನ್ನು ಉದ್ದಕ್ಕೆ ಸೀಳಿ. ನಡುವಿನ ಮೆತ್ತೆ ಎರಡು ಕಾಲುಗಳ ಮಧ್ಯೆ ಬರಲಿ, ಅಂಟಿನ ತುದಿಗಳು ಮಂಡಿಯ ಕೆಳಗೆ ಒಂದೊಂದು ಕಾಲನ್ನು ಸುತ್ತಿ ತಮಗೆ ತಾವೇ ಅಂಟಲಿ. ಕಾಲುಗಳ ನಡುವೆ ಸುಮಾರು ಎರಡೂವರೆ ಸೆಂಟಿಮೀಟರ್ ಅಂತರ, ಅಂದರೆ ಮರಿ ಸಹಜವಾಗಿ ನಿಲ್ಲುವಷ್ಟು. ಬಿಗಿಯಾದರೆ ಪಾದ ಊದುತ್ತದೆ, ದಿನವೂ ಬಿಚ್ಚಿ ನೋಡಿ. ಮೂರರಿಂದ ಐದು ದಿನದಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಕಟ್ಟಿದ ಮರಿ ನೀರಿನ ತಟ್ಟೆಗೆ ಬಿದ್ದರೆ ಏಳಲಾರದು, ತಟ್ಟೆಯಲ್ಲಿ ಗೋಲಿ ಅಥವಾ ಬೆಣಚುಕಲ್ಲು ತುಂಬಿಸಿ.

ಬೆರಳು ಒಳಕ್ಕೆ ಮುದುಡಿದ್ದರೆ ರೈಬೋಫ್ಲೇವಿನ್ (ವಿಟಮಿನ್ ಬಿ2) ಕೊರತೆ ಇರಬಹುದು. ಕತ್ತು ಹಿಂದಕ್ಕೆ ತಿರುಚಿ ಆಕಾಶ ನೋಡುತ್ತಿದ್ದರೆ ಥಯಾಮಿನ್ (ವಿಟಮಿನ್ ಬಿ1) ಅಥವಾ ವಿಟಮಿನ್ ಇ ಕೊರತೆ, ಕೆಲವೊಮ್ಮೆ ಸೋಂಕು. ಪ್ರಮಾಣವನ್ನು ವೈದ್ಯರೇ ಹೇಳಲಿ. ಸದ್ದಿಲ್ಲದೆ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ಅದೂ ಕಾವು ಸರಿಯಿದ್ದಾಗ, ಬೂಸ್ಟಿನಿಂದ ಬರುವ ಶ್ವಾಸಕೋಶದ ಸೋಂಕು, ಬ್ರೂಡರ್ ನ್ಯುಮೋನಿಯಾ, ಇರಬಹುದು. ಹಾಸನ್ನು ಅಂದೇ ಬದಲಿಸಿ. ಕಪಾಟಿನಲ್ಲಿ ಉಳಿದ ಆ್ಯಂಟಿಬಯೋಟಿಕ್ ಪುಡಿಯನ್ನು ನೀರಿಗೆ ಚಿಟಿಕೆ ಹಾಕುವುದು ಚಿಕಿತ್ಸೆಯಲ್ಲ. ಚಳಿಗೆ, ನೀರಿನ ಕೊರತೆಗೆ, ಕಾಲಿನ ತೊಂದರೆಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ರೋಗದ ಮರಿಯನ್ನು ಬೇರೆ ಇಡುವಾಗಲೂ ಉಳಿದ ಮರಿಗಳ ಸದ್ದು ಅದಕ್ಕೆ ಕೇಳುವಂತಿರಲಿ, ಒಂಟಿಯಾದ ಮರಿ ಕೂಗಿ ಕೂಗಿಯೇ ಸೋಲುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ, ತಕ್ಕಡಿಗೆ ಪ್ರತಿಸಲವೂ ಹೊಸ ಕಾಗದ ಹಾಕಿ. ಹುಟ್ಟಿದ ಮರಿ ಸಾಮಾನ್ಯವಾಗಿ 35ರಿಂದ 45 ಗ್ರಾಂ. ಮೊದಲ ದಿನ ಒಂದಿಷ್ಟು ಇಳಿಯುವುದು ಸಹಜ. ತಿನ್ನಲು ಶುರುಮಾಡಿದ ಮೇಲೂ ಇಳಿಯುತ್ತಲೇ ಹೋದರೆ ನೋಡಲು ಚುರುಕಾಗಿದ್ದರೂ ಒಳಗೇನೋ ಸರಿಯಿಲ್ಲ. ಮರಿ ಮುಟ್ಟಿದ ಕೈಯನ್ನು ಪ್ರತಿ ಸಲವೂ ಸೋಪಿನಲ್ಲಿ ತೊಳೆಯಿರಿ. ಚೆನ್ನಾಗಿ ಕಾಣುವ ಮರಿಯೂ ಸಾಲ್ಮೊನೆಲ್ಲಾ ಹೊತ್ತಿರಬಹುದು, ಪುಟ್ಟ ಮಕ್ಕಳು ಮರಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ.

ಒಂದೇ ಬಾಕ್ಸಿನಲ್ಲಿ ಎರಡನೆಯ ಮರಿ ಮಂಕಾದರೆ, ಅಥವಾ ಬಿಳಿ ಅಂಟು ಹಿಕ್ಕೆಯ ಮರಿಗಳು ಒಂದಾದ ಮೇಲೊಂದು ಸತ್ತರೆ, ಮನೆ ಆರೈಕೆ ಅಲ್ಲಿಗೆ ಸಾಕು. ಸತ್ತ ಮರಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಸುತ್ತಿ, ಆಹಾರಕ್ಕೆ ತಾಗದಂತೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದ ಮರಿಯ ಅಂಗಾಂಶ ಒಡೆದು ಪೋಸ್ಟ್ ಮಾರ್ಟಮ್‌ನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಅಂದೇ ಪಶುವೈದ್ಯಕೀಯ ಪ್ರಯೋಗಾಲಯಕ್ಕೆ ತಲುಪಿಸಿ. ಹ್ಯಾಚರಿಗೆ ಫೋನ್ ಮಾಡುವಾಗ ಬಾಕ್ಸಿನ ಮೇಲಿನ ಲಾಟ್ ನಂಬರ್, ಹ್ಯಾಚ್ ತಾರೀಖು ಕೈಯಲ್ಲಿರಲಿ. ಅವೆರಡೂ ಇಲ್ಲದೆ ಅದೇ ಲಾಟಿನ ಮರಿ ಒಯ್ದ ಉಳಿದವರಿಗೆ ನಾವು ತಿಳಿಸಲಾಗುವುದಿಲ್ಲ.