ಜನಜಂಗುಳಿಯ ನಡುವೆ ಪುರಾತನ ಸ್ಮಾರಕದ ರಾತ್ರಿ ಚಿತ್ರ

ಸ್ಮಾರಕದ ಅಂಗಳ ಜನರಿಂದ ಗಿಜಿಗುಡುತ್ತಿರುವಾಗ ಕಟ್ಟಡವೊಂದನ್ನೇ ಚಿತ್ರದಲ್ಲಿ ಹಿಡಿಯುವುದು ಹೇಗೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಟ್ರೈಪಾಡ್ ಹಾಕಿ, ಶಟರ್ ಅರ್ಧ ನಿಮಿಷ ತೆರೆದಿಡಿ, ಓಡಾಡುವವರು ಅಳಿಸಿಹೋಗುತ್ತಾರೆ. ಜನ ವಿರಳವಾಗಿದ್ದರೆ ಇದು ಸರಿ. ದಟ್ಟವಾಗಿದ್ದರೆ ಜನರ ಜೊತೆಗೆ ಕಲ್ಲಿನ ಕೆತ್ತನೆಯೂ ಮಸುಕಾಗಿ ಹೋಗುತ್ತದೆ.

ಸುಮ್ಮನೆ ಲೆಕ್ಕ ಹಾಕಿ ನೋಡಿ. ಸಾಮಾನ್ಯ ನಡಿಗೆ ಎಂದರೆ ಸೆಕೆಂಡಿಗೆ ಸುಮಾರು 1.2 ಮೀಟರ್. ಮೈಯ ಅಗಲ ಅರ್ಧ ಮೀಟರ್. ಹಾಗಾದರೆ ನಡೆದುಹೋಗುವ ಒಬ್ಬರು ಗೋಡೆಯ ಯಾವುದೇ ಒಂದು ಬಿಂದುವನ್ನು ಮರೆಮಾಡುವುದು ಸುಮಾರು 0.4 ಸೆಕೆಂಡ್. 30 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಅದು ಶೇ 1.3ರಷ್ಟೇ, ಕಣ್ಣಿಗೆ ಬೀಳುವುದಿಲ್ಲ. ಆದರೆ ಅಷ್ಟೇ ಹೊತ್ತಿನಲ್ಲಿ ಬಾಗಿಲ ಮುಂದೆ 30 ಮಂದಿ ಹಾದುಹೋದರೆ ಆ ಬಿಂದು ಒಟ್ಟು 12 ಸೆಕೆಂಡ್ ಮುಚ್ಚಿಹೋಗಿರುತ್ತದೆ, ಅಂದರೆ ಶೇ 40. ಅಲ್ಲಿ ಕಲ್ಲಿನ ಮೇಲೆ ಬೂದಿ ಬಣ್ಣದ ಮಬ್ಬು ಕೂರುತ್ತದೆ, ಕೆತ್ತನೆಯ ಅಂಚುಗಳು ಸಾಯುತ್ತವೆ. ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಎರಡು ನಿಮಿಷಕ್ಕೆ ಎಳೆದರೂ ಪ್ರಯೋಜನವಿಲ್ಲ. ಆಗ 120 ಮಂದಿ ಹಾಯುತ್ತಾರೆ, ಪ್ರಮಾಣ ಅದೇ 40. ಇದರ ಮೇಲೆ ಮೊಬೈಲ್ ಪರದೆಗಳ ಬಿಳಿ ಗೆರೆಗಳು ಬೇರೆ. ಕತ್ತಲಲ್ಲಿ ಹೊಳೆಯುವ ವಸ್ತು ಕ್ಷಣಮಾತ್ರ ಹಾದರೂ ಗುರುತು ಬಿಟ್ಟೇ ಹೋಗುತ್ತದೆ. ಇನ್ನು ನಿಂತವರಂತೂ ಅಳಿಸಿಹೋಗುವುದೇ ಇಲ್ಲ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಲೂಯಿ ದಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಬೀದಿಯ ಚಿತ್ರ ತೆಗೆದಾಗ ಎಕ್ಸ್‌ಪೋಶರ್ ಹಲವು ನಿಮಿಷ ನಡೆದಿತ್ತು. ಗಾಡಿ, ಕುದುರೆ, ಜನ ಎಲ್ಲ ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದ. ಇವತ್ತು ಸ್ಮಾರಕದ ಎದುರು ಸೆಲ್ಫಿಗೆ ನಿಂತವರೆಲ್ಲ ಅವನ ಹಾಗೇ ಉಳಿಯುತ್ತಾರೆ.

ಆದ್ದರಿಂದ ಒಂದು ಉದ್ದದ ಎಕ್ಸ್‌ಪೋಶರ್ ಬಿಟ್ಟು, ಬಿಡಿಬಿಡಿಯಾಗಿ ಅನೇಕ ಫ್ರೇಮ್ ತೆಗೆದು ಮೀಡಿಯನ್ ಸ್ಟ್ಯಾಕ್ ಮಾಡುವುದೇ ಮೇಲು. ಉದ್ದದ ಎಕ್ಸ್‌ಪೋಶರ್ ಕೊಡುವುದು ಸರಾಸರಿಯನ್ನು. ಅದರಲ್ಲಿ ಹಾದುಹೋದವರೆಲ್ಲರ ಪಾಲೂ ಸೇರಿರುತ್ತದೆ. ಮೀಡಿಯನ್ ಹಾಗಲ್ಲ. 25 ಫ್ರೇಮ್ ಇದ್ದರೆ ಪ್ರತಿ ಪಿಕ್ಸೆಲ್‌ನ 25 ಬೆಲೆಗಳನ್ನು ಕತ್ತಲಿನಿಂದ ಬೆಳಕಿನ ಕಡೆಗೆ ಸಾಲಾಗಿಟ್ಟು ನಡುವಿನ ಹದಿಮೂರನೆಯದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ಫ್ರೇಮ್‌ಗಳಲ್ಲಿ ಕಲ್ಲು ಬಯಲಾಗಿದ್ದರೆ ಸಿಗುವುದು ಕಲ್ಲೇ. ಕಪ್ಪು ಜಾಕೆಟ್ಟಿನವರೂ ಬಿಳಿ ಟಾರ್ಚೂ ಸಾಲಿನ ಎರಡು ತುದಿಗಳಲ್ಲಿ ಬಿದ್ದುಹೋಗುತ್ತಾರೆ.

ಎಷ್ಟು ಫ್ರೇಮ್ ಬೇಕು ಎಂಬುದು ಜನ ಎಷ್ಟು ಹೊತ್ತು ಮುಚ್ಚುತ್ತಾರೆ ಎಂಬುದರ ಮೇಲೆ ನಿಂತಿದೆ. ಒಂದು ಜಾಗ ಶೇ 30ರಷ್ಟು ಹೊತ್ತು ಮುಚ್ಚಿರುತ್ತದೆ ಎಂದಾದರೆ 25 ಫ್ರೇಮ್‌ಗಳಲ್ಲಿ ಕೆಡುವುದು ನೂರಕ್ಕೆ ಎರಡು ಬಿಂದುಗಳಷ್ಟೇ. ಶೇ 40 ಆದರೆ ಅದು ಹದಿನೈದಕ್ಕೆ ಏರುತ್ತದೆ, ಚಿತ್ರದ ಕೆಳಭಾಗದಲ್ಲಿ ತೇಪೆ ತೇಪೆಯಾಗಿ ಅರೆಬರೆ ಭುಜಗಳು ಕಾಣುತ್ತವೆ. ಫ್ರೇಮ್ 51ಕ್ಕೆ ಏರಿಸಿದರೆ ಮತ್ತೆ ಏಳಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಮುಚ್ಚಿರುವ ಜಾಗ, ಉದಾಹರಣೆಗೆ ಸರತಿ ಸಾಲು ನಿಂತ ಮುಖ್ಯದ್ವಾರ, ಎಷ್ಟು ಫ್ರೇಮ್ ತೆಗೆದರೂ ತೆರವಾಗುವುದಿಲ್ಲ. ಅಲ್ಲಿ ಫ್ರೇಮ್ ಹೆಚ್ಚಿದಷ್ಟೂ ಜನರೇ ಗಟ್ಟಿಯಾಗುತ್ತಾರೆ! ಅಂಥ ಕಡೆ ಕೋನ ಬದಲಿಸಬೇಕು, ಇಲ್ಲವೇ ಪ್ರವೇಶ ನಿಂತ ಮೇಲೆ, ಒಳಗಿದ್ದವರು ಹೊರಬರುವ ಕೊನೆಯ ಹೊತ್ತಿಗೆ ಕಾಯಬೇಕು.

ಪ್ರತಿ ಫ್ರೇಮ್ ಚಿಕ್ಕದಾಗಿರಬೇಕು. ಇಲ್ಲೇ ಬಹಳಷ್ಟು ಜನ ಎಡವುವುದು. ಟ್ರೈಪಾಡ್ ಇದೆಯಲ್ಲ ಎಂದು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸ್ ರಂಧ್ರದ ಅಳತೆ; ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) 8, ನಾಲ್ಕು ಸೆಕೆಂಡ್ ಇಟ್ಟು 25 ಫ್ರೇಮ್ ತೆಗೆದರೆ ಪ್ರತಿ ಫ್ರೇಮಿನೊಳಗೇ ಜನ ಹರಡಿ ಮಬ್ಬಾಗಿರುತ್ತಾರೆ. ಮೀಡಿಯನ್‌ಗೆ ಶುದ್ಧವಾದ ಕಲ್ಲಿನ ಬೆಲೆಯೇ ಸಿಗದಿದ್ದರೆ ಅದು ಆರಿಸುವುದಾದರೂ ಏನನ್ನು? ಅದೇ ಬೆಳಕಿಗೆ ಐಎಸ್‌ಒ 800, ಎಫ್ 5.6 ಇಟ್ಟರೆ ಕಾಲು ಸೆಕೆಂಡ್ ಸಾಕು. ಕಾಲು ಸೆಕೆಂಡಿನಲ್ಲಿ ನಡೆಯುವವರು 30 ಸೆಂಟಿಮೀಟರ್ ಸರಿಯುತ್ತಾರೆ, ಅಷ್ಟು ಪರವಾಗಿಲ್ಲ. ಹೆಚ್ಚಿನ ಐಎಸ್‌ಒ ನೋಡಿ ಹಿಂಜರಿಯಬೇಡಿ. 25 ಫ್ರೇಮ್‌ಗಳ ಮೀಡಿಯನ್ ನಾಯ್ಸನ್ನು, ಅಂದರೆ ಚಿತ್ರದಲ್ಲಿ ಮರಳಿನಂತೆ ಕಾಣುವ ಕಾಳುಗಳನ್ನು, ಸುಮಾರು ಕಾಲು ಭಾಗಕ್ಕೆ ಇಳಿಸುತ್ತದೆ. ಫ್ರೇಮ್‌ಗಳ ನಡುವೆ 10ರಿಂದ 15 ಸೆಕೆಂಡ್ ಅಂತರ ಬಿಡಿ. ಪಟಪಟನೆ ಒಂದರ ಹಿಂದೊಂದು ಹೊಡೆದರೆ ಅದೇ ಜನ ಅದೇ ಜಾಗದಲ್ಲಿ ಹತ್ತು ಫ್ರೇಮ್‌ಗಳಲ್ಲಿ ಸಿಗುತ್ತಾರೆ. ಗುಂಪು ಫೋಟೊಗೆ ನಿಂತವರು ಚದುರಲು ಅರ್ಧ ನಿಮಿಷವಾದರೂ ಬೇಕು. 12 ಸೆಕೆಂಡ್ ಅಂತರದ 25 ಫ್ರೇಮ್ ಎಂದರೆ ಐದು ನಿಮಿಷದ ಕೆಲಸ.

ಶುರು ಮಾಡುವ ಮೊದಲು ಎಲ್ಲವನ್ನೂ ಮ್ಯಾನ್ಯುಯಲ್‌ಗೆ ತನ್ನಿ: ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ), ಫೋಕಸ್. ಫೋಕಸ್‌ಗೆ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಬೆಳಕು ಓರೆಯಾಗಿ ಬಿದ್ದ ಕೆತ್ತನೆಯ ಅಂಚೊಂದನ್ನು ಹುಡುಕಿ ಅದರ ಮೇಲೆ ಕೂರಿಸಿ, ಆಮೇಲೆ ರಿಂಗ್‌ಗೆ ಟೇಪ್ ಅಂಟಿಸಿ. ಟ್ರೈಪಾಡ್ ಮೇಲಿದ್ದಾಗ ಕೈಯ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡುವುದು ಕ್ಷೇಮ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಬೇಡ. ಸೆಕೆಂಡುಗಟ್ಟಲೆ ಎಕ್ಸ್‌ಪೋಶರ್ ಕೊಡುವಾಗ ಅದು ಪ್ರತಿ ಫ್ರೇಮಿಗೂ ಅಷ್ಟೇ ಹೊತ್ತಿನ ಇನ್ನೊಂದು ಕತ್ತಲ ಫ್ರೇಮ್ ತೆಗೆಯುತ್ತ ಕೂರುತ್ತದೆ.

ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಸಿಗಬೇಕಾದ ಗಮನ ಸಿಗುವುದಿಲ್ಲ. ಸಮತಟ್ಟು ಅಂಗಳದಲ್ಲಿ ಕ್ಯಾಮೆರಾ ನಿಮ್ಮ ಕಣ್ಣಿನ ಎತ್ತರದಲ್ಲಿದ್ದರೆ ಹತ್ತಿರದವರು, ದೂರದವರು ಎಲ್ಲರ ಕಣ್ಣುಗಳೂ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ, ಅಂದರೆ ದಿಗಂತದ ಗೆರೆಯ ಮೇಲೆ ಸಾಲಾಗುತ್ತವೆ. ಕ್ಯಾಮೆರಾ ಕೆಳಗಿಳಿಸಿದರೆ ಹತ್ತಿರದ ತಲೆಗಳು ಗೋಡೆಯ ನಡುಭಾಗಕ್ಕೇ ಏರುತ್ತವೆ. ಎರಡು ಮೀಟರ್ ದಾಟಿಸಿ ಮೇಲೆತ್ತಿದರೆ ಎಲ್ಲ ತಲೆಗಳೂ ದಿಗಂತದ ಕೆಳಗೆ ಉಳಿದು, ಜಂಗುಳಿ ಚಿತ್ರದ ಬುಡದ ಒಂದು ಪಟ್ಟಿಗೆ ಸೀಮಿತವಾಗುತ್ತದೆ. ಹಾಗಾಗಿ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಚಾಚಿ, ಮಡಚುವ ಪರದೆಯನ್ನು ಕೆಳಮುಖ ಮಾಡಿ ನೋಡುತ್ತ ತೆಗೆಯಿರಿ. ಸೆಂಟರ್ ಕಾಲಮ್ ಎತ್ತಿದರೆ ಅಲುಗಾಟ ಹೆಚ್ಚುತ್ತದೆ ನಿಜ, ಆದರೆ ಕಾಲು ಸೆಕೆಂಡಿನ ಫ್ರೇಮ್‌ಗೆ ಎರಡು ಸೆಕೆಂಡ್ ಟೈಮರ್ ಇಟ್ಟರೆ ನಡೆಯುತ್ತದೆ. ಜನ ಬುಡದ ಪಟ್ಟಿಯಲ್ಲಷ್ಟೇ ಇರುವುದರಿಂದ ಸ್ಟ್ಯಾಕ್ ಬೇಕಾಗುವುದೂ ಅಷ್ಟಕ್ಕೇ. ಶಿಖರಕ್ಕೂ ಆಕಾಶಕ್ಕೂ ಒಂದೇ ಒಂದು ಒಳ್ಳೆಯ ಫ್ರೇಮ್ ಸಾಕು. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಡಿ, ಕಂಬಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಸಮತಲದಲ್ಲೇ ಇಟ್ಟು ಅಗಲ ಲೆನ್ಸ್‌ನಿಂದ ತೆಗೆದು ಕೆಳಗಿನ ಹೆಚ್ಚುವರಿ ನೆಲವನ್ನು ಕತ್ತರಿಸಿಬಿಡಿ.

ಆ ಒಂದು ಒಳ್ಳೆಯ ಫ್ರೇಮ್‌ಗೆ ಹೊತ್ತು ಮುಖ್ಯ. ಸೂರ್ಯ ದಿಗಂತದಿಂದ 4ರಿಂದ 8 ಡಿಗ್ರಿ ಕೆಳಗಿರುವಾಗ ಆಕಾಶದ ನೀಲಿಯೂ ದೀಪ ಬಿದ್ದ ಕಲ್ಲೂ ಒಂದೇ ಎಕ್ಸ್‌ಪೋಶರ್‌ನಲ್ಲಿ ಹೊಂದುತ್ತವೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಇಳಿಯುತ್ತಾನೆ. ಅಂದರೆ ಕೈಯಲ್ಲಿರುವುದು 16 ನಿಮಿಷ. ಧ್ರುವಗಳ ಕಡೆಗೆ ಹೋದಂತೆ ಸೂರ್ಯ ಓರೆಯಾಗಿ ಇಳಿಯುವುದರಿಂದ ಸಮಯ ಹೆಚ್ಚುತ್ತದೆ. 6 ಡಿಗ್ರಿ ದಾಟಿದ ಮೇಲೆ ಬೆಳಕು ಸುಮಾರು ಮೂರು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಐದು ನಿಮಿಷದ ಸ್ಟ್ಯಾಕ್ ಅನ್ನು ಈ ಹೊತ್ತಿನಲ್ಲಿ ಮಾಡಿದರೆ ಮೊದಲ ಫ್ರೇಮ್‌ಗೂ ಕೊನೆಯದಕ್ಕೂ ಹೊಂದಿಕೆ ಇರುವುದಿಲ್ಲ. ಅದಕ್ಕೇ ನೀಲಿ ಹೊತ್ತಿನಲ್ಲಿ ಆಕಾಶಕ್ಕೂ ದೀಪ ತಲುಪದ ಮೇಲಿನ ಭಾಗಗಳಿಗೂ ಬೇಕಾದ ಫ್ರೇಮ್‌ಗಳನ್ನು ಹೊಡೆದುಕೊಂಡು, ಕ್ಯಾಮೆರಾ ಕದಲಿಸದೆ ಕಾದು, ಪೂರ್ತಿ ಕತ್ತಲಾಗಿ ದೀಪದ ಬೆಳಕೊಂದೇ ಉಳಿದ ಮೇಲೆ ಬುಡದ ಸ್ಟ್ಯಾಕ್ ತೆಗೆಯುವುದು ನಾನು ಒಪ್ಪುವ ಕ್ರಮ.

ದೀಪಗಳ ವಿಷಯಕ್ಕೆ ಬಂದರೆ, ಕ್ಯಾಮೆರಾದ ಬಿಳಿ ಹಿಸ್ಟೋಗ್ರಾಮ್ (ಕತ್ತಲಿನಿಂದ ಬೆಳಕಿನವರೆಗೆ ಪಿಕ್ಸೆಲ್‌ಗಳ ಹಂಚಿಕೆ ತೋರಿಸುವ ಗ್ರಾಫ್) ನಂಬಬೇಡಿ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ನೋಡಿ. ಹಳದಿ ದೀಪದ ಕೆಳಗೆ ಮರಳುಗಲ್ಲಿನ ಕೆಂಪು ಚಾನೆಲ್ ಉಳಿದೆರಡಕ್ಕಿಂತ ಎಷ್ಟೋ ಮೊದಲೇ ತುಂಬಿ ಹೋಗುತ್ತದೆ. ಬಿಳಿ ಗ್ರಾಫ್ ಇನ್ನೂ ಜಾಗವಿದೆ ಎನ್ನುತ್ತಿರುತ್ತದೆ. ಮನೆಗೆ ಬಂದು ನೋಡಿದರೆ ದೀಪದ ಹತ್ತಿರದ ಕಂಬದ ಬುಡ ಹಳದಿ ಬಣ್ಣ ಬಳಿದ ಹಲಗೆಯಂತೆ ಚಪ್ಪಟೆಯಾಗಿರುತ್ತದೆ; ಬಳ್ಳಿಯ ಸುರುಳಿ, ಉಳಿಯ ಗೆರೆ, ಒಡೆದ ಚಕ್ಕೆ ಒಂದೂ ಇರುವುದಿಲ್ಲ. ಕೆಂಪು ಗೆರೆ ಬಲತುದಿ ಮುಟ್ಟದ ಹಾಗೆ ಎಕ್ಸ್‌ಪೋಶರ್ ಇಳಿಸಿ, ಇಲ್ಲವೇ ಎರಡು ಸ್ಟಾಪ್ ಕಡಿಮೆಯ, ಅಂದರೆ ಕಾಲು ಭಾಗ ಬೆಳಕಿನ, ಇನ್ನೊಂದು ಚಿಕ್ಕ ಸ್ಟ್ಯಾಕ್ ತೆಗೆಯಿರಿ. ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪ) ಆಗಿಯೇ ಇರಲಿ. ಹಳೆಯ ಕಡಿಮೆ ಒತ್ತಡದ ಸೋಡಿಯಂ ದೀಪವಾದರೆ ಬೆಳಕು ಹೆಚ್ಚುಕಡಿಮೆ 589 ನ್ಯಾನೊಮೀಟರ್‌ನ ಒಂದೇ ಬಣ್ಣದ್ದು. ಅದರಡಿ ಕಲ್ಲಿನ ನಿಜಬಣ್ಣ ಯಾವ ವೈಟ್ ಬ್ಯಾಲೆನ್ಸ್‌ಗೂ ಮರಳುವುದಿಲ್ಲ, ಕಪ್ಪುಬಿಳುಪೇ ಲೇಸು. ಬಣ್ಣ ಬದಲಿಸುವ ಎಲ್‌ಇಡಿ ಇದ್ದಲ್ಲಿ ಒಂದೇ ಬಣ್ಣದ ಫ್ರೇಮ್‌ಗಳನ್ನಷ್ಟೇ ಸೇರಿಸಬೇಕು. ಬಣ್ಣದ ಸುತ್ತು ಎಷ್ಟು ಸೆಕೆಂಡಿನದು ಎಂದು ಮೊದಲು ಎಣಿಸಿ, ಫ್ರೇಮ್‌ಗಳ ಅಂತರವನ್ನೂ ಅಷ್ಟಕ್ಕೇ ಕೂರಿಸಿದರೆ ಕೆಲಸ ಸಲೀಸು.

ನೆಲದಿಂದ ಮೇಲಕ್ಕೆ ಹಾಯುವ ಫ್ಲಡ್‌ಲೈಟ್ ಮುಂದೆ ಯಾರಾದರೂ ನಡೆದರೆ ಅವರ ನೆರಳು ಗೋಡೆಯ ಮೇಲೆ ದೈತ್ಯಾಕಾರ ತಾಳುತ್ತದೆ. ಅವರು ಫ್ರೇಮಿನ ಹೊರಗಿದ್ದರೂ ಸರಿ, ನೆರಳು ಒಳಗಿರುತ್ತದೆ. ಮೀಡಿಯನ್ ಇದನ್ನೂ ತೆಗೆಯುತ್ತದೆ. ಆದರೆ ಆ ದೀಪದ ಪಕ್ಕವೇ ಜನ ನಿಲ್ಲುವ ಜಾಗವಾಗಿದ್ದರೆ ಗೋಡೆಯ ಒಂದು ಪಾಲು ಯಾವಾಗಲೂ ನೆರಳಲ್ಲೇ ಇರುತ್ತದೆ. ಜಾಗ ಆರಿಸುವಾಗ ಜನರನ್ನು ನೋಡುವಷ್ಟೇ ಹೊತ್ತು ದೀಪಗಳ ಬುಡವನ್ನೂ ನೋಡಿ. ದೀಪ ನೇರವಾಗಿ ಫ್ರೇಮಿನಲ್ಲಿದ್ದರೆ ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿ. ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ ಕಾಣುವ ತಲೆಕೆಳಗಾದ ಹಸಿರು ದೀಪಗಳು ಸಾಮಾನ್ಯವಾಗಿ ಅದರದೇ ಪ್ರತಿಫಲನ. ಒಂದು ಹೆಜ್ಜೆ ಸರಿದು ದೀಪವನ್ನು ಕಂಬದ ಹಿಂದೆ ಅಡಗಿಸಿದರೆ ಇನ್ನೂ ಒಳ್ಳೆಯದು.

ಟ್ರೈಪಾಡ್‌ಗೆ ಎಷ್ಟೋ ಸ್ಮಾರಕಗಳಲ್ಲಿ ಅನುಮತಿ ಇಲ್ಲ, ಡ್ರೋನ್‌ಗಂತೂ ಬಹುತೇಕ ಎಲ್ಲೂ ಇಲ್ಲ. ಮೊದಲೇ ವಿಚಾರಿಸಿ, ಅನುಮತಿ ಪತ್ರ ಬರಹದಲ್ಲಿರಲಿ. ಅನುಮತಿ ಇದ್ದರೂ ಮೆಟ್ಟಿಲು, ಬಾಗಿಲು, ಇಕ್ಕಟ್ಟು ದಾರಿಯಲ್ಲಿ ಕಾಲು ಹರಡಬೇಡಿ. ಕತ್ತಲಲ್ಲಿ ಮುಗ್ಗರಿಸುವವರಿಗೆ ಕಪ್ಪು ಟ್ರೈಪಾಡ್ ಕಾಣುವುದಿಲ್ಲ. ಮೂರೂ ಕಾಲಿಗೆ ಮಿಂಚುವ ಟೇಪ್ ಸುತ್ತಿ, ತುದಿಗೆ ಮೊಳೆ ಬಿಟ್ಟು ರಬ್ಬರ್ ಬೂಟು ಹಾಕಿ. ಮರದ ಹಲಗೆಯ ನಡೆದಾರಿಯ ಮೇಲೆ ಹೂಡಿದರೆ ಪಕ್ಕದವರ ಪ್ರತಿ ಹೆಜ್ಜೆಯೂ ಚಿತ್ರದಲ್ಲಿ ಕಾಣುತ್ತದೆ, ಕಲ್ಲುಹಾಸೇ ಬೇಕು. ಟ್ರೈಪಾಡ್ ಇಲ್ಲದಿದ್ದರೆ ಕೆತ್ತನೆಯಿಲ್ಲದ ಹೊಸ ಕಟ್ಟೆಯ ಮೇಲೆ ಬೀನ್‌ಬ್ಯಾಗ್ ಇಡಬಹುದು. ಪುರಾತನ ಕಲ್ಲಿಗೆ ಏನನ್ನೂ ಒರಗಿಸಬೇಡಿ. ಅದೂ ಇಲ್ಲವಾದರೆ ಕೈಯಲ್ಲೇ ಹಿಡಿದು, ಸ್ಟೆಬಿಲೈಸೇಶನ್ ಆನ್ ಮಾಡಿ, 1/15 ಸೆಕೆಂಡಿನ 25 ಫ್ರೇಮ್ ತೆಗೆದು ನಂತರ ಅಲೈನ್ ಮಾಡಿದರೂ (ಒಂದರ ಮೇಲೊಂದು ಸರಿಯಾಗಿ ಹೊಂದಿಸಿದರೂ) ಮೀಡಿಯನ್ ಕೆಲಸ ಮಾಡುತ್ತದೆ. ಅಂಚುಗಳಲ್ಲಿ ಶೇ 10ರಷ್ಟು ಕತ್ತರಿಸಲು ಜಾಗ ಬಿಟ್ಟಿರಿ. ಫ್ಲ್ಯಾಶ್ ಬೇಡವೇ ಬೇಡ. ದೂರದ ಗೋಡೆಗೆ ಅದು ತಲುಪುವುದಿಲ್ಲ, ಪಕ್ಕದವರ ಫ್ರೇಮ್ ಕೆಡಿಸುತ್ತದೆ, ಸಂದಿಗಳಲ್ಲಿರುವ ಬಾವಲಿಗಳನ್ನು ಬೆದರಿಸುತ್ತದೆ.

ಮನೆಯಲ್ಲಿ ಎಲ್ಲ ಫ್ರೇಮ್‌ಗಳಿಗೂ ಒಂದೇ ವೈಟ್ ಬ್ಯಾಲೆನ್ಸ್, ಒಂದೇ ಲೆನ್ಸ್ ತಿದ್ದುಪಡಿ ಕೊಟ್ಟು 16 ಬಿಟ್ ಟಿಫ್ ಮಾಡಿಕೊಳ್ಳಿ. ಫೋಟೊಶಾಪ್‌ನಲ್ಲಿ ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಒಳಗೆ ಸ್ಟ್ಯಾಟಿಸ್ಟಿಕ್ಸ್ ತೆರೆದು ಮೀಡಿಯನ್ ಆರಿಸಿ, ಅಲೈನ್ ಗುರುತು ಹಾಕಿದರೆ ಸಾಕು. ಉಚಿತವಾಗಿ ಬೇಕೆಂದರೆ ಇಮೇಜ್‌ಮ್ಯಾಜಿಕ್ ಮೀಡಿಯನ್ ತೆಗೆದುಕೊಡುತ್ತದೆ. ಬಂದ ಚಿತ್ರವನ್ನು ಬುಡದ ಪಟ್ಟಿಗೆ ಮಾಸ್ಕ್ ಹಾಕಿ (ಆ ಭಾಗ ಮಾತ್ರ ಕಾಣುವಂತೆ ಮಾಡಿ) ನೀಲಿ ಹೊತ್ತಿನ ಫ್ರೇಮ್ ಮೇಲೆ ಕೂರಿಸಿ. ಮಾಸ್ಕಿನ ಗಡಿಯನ್ನು ಸಾದಾ ಗೋಡೆಯ ನಡುವೆ ಎಳೆಯದೆ, ಕಟ್ಟಡದ್ದೇ ಒಂದು ಅಡ್ಡಪಟ್ಟಿಯ ನೆರಳಲ್ಲಿ ಹಾಯಿಸಿದರೆ ಬೆಸುಗೆ ಕಾಣುವುದಿಲ್ಲ. ಮರದ ಎಲೆ, ಬಾವುಟ, ಕೊಳದ ನೀರು ಮೀಡಿಯನ್‌ನಲ್ಲಿ ಕಲಸಿಹೋಗಿರುತ್ತವೆ. ಅವಕ್ಕೆ ಬಿಡಿ ಫ್ರೇಮ್ ಒಂದನ್ನು ಮತ್ತೆ ಮಾಸ್ಕ್ ಮಾಡಬೇಕು. ಕೊನೆಗೆ ನೂರು ಪ್ರತಿಶತ ಹಿಗ್ಗಿಸಿ ನೆಲದ ಗೆರೆಯುದ್ದಕ್ಕೂ ನೋಡಿ. ದೇಹ ಹೋಗಿ ಚಪ್ಪಲಿ ಮಾತ್ರ ಉಳಿಯುವುದು ಇಲ್ಲೇ. ಅಂಥ ಜಾಗಕ್ಕೆ 25 ಫ್ರೇಮ್‌ಗಳಲ್ಲಿ ಎಲ್ಲಿ ಕಲ್ಲು ಬಯಲಾಗಿದೆಯೋ ಅಲ್ಲಿಂದ ತುಂಡು ತನ್ನಿ.

ಒಂದು ಬಟನ್ ಒತ್ತಿ ಜನರನ್ನು ಅಳಿಸುವ ಎಐ ಸಾಧನ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಸಾದಾ ಗೋಡೆಗೆ, ನೆಲಕ್ಕೆ ಅದನ್ನು ಬಳಸಿದರೆ ನನ್ನ ತಕರಾರಿಲ್ಲ. ಆದರೆ ಕೆತ್ತನೆಯ ಮುಂದೆ ನಿಂತವರನ್ನು ಅದು ಅಳಿಸಿದಾಗ ಆ ಜಾಗದಲ್ಲಿ ತುಂಬುವುದು ಅಲ್ಲಿಲ್ಲದ ಕೆತ್ತನೆಯನ್ನು: ಒಡೆದ ಮೂರ್ತಿಗೆ ಮೂಗು ಬರುತ್ತದೆ, ಶಾಸನದ ಸಾಲಿನಲ್ಲಿ ಯಾವ ಲಿಪಿಗೂ ಸೇರದ ಅಕ್ಷರಗಳು ಮೂಡುತ್ತವೆ. ಸ್ಟ್ಯಾಕ್‌ನಲ್ಲಿ ಪ್ರತಿ ಪಿಕ್ಸೆಲ್ಲೂ ಆ ಸಂಜೆ ಆ ಕಲ್ಲಿನಿಂದಲೇ ಬಂದದ್ದು. ಯಾವ ಫ್ರೇಮಿನಲ್ಲೂ ಬಯಲಾಗದ ತುಂಡು ಉಳಿದರೆ ಅಲ್ಲಿ ನಿಂತವರನ್ನು ಹಾಗೇ ಬಿಡಿ. ಬಿಡಿ ಫ್ರೇಮಿನಿಂದ ಅವರನ್ನು ಪೂರ್ತಿಯಾಗಿ, ಕಾಲು ಮತ್ತು ನೆರಳಿನ ಸಮೇತ ಮಾಸ್ಕ್ ಮಾಡಿ ತಂದರೆ ಅರೆಬರೆ ಭುಜದ ತೇಪೆಯೂ ಹೋಗುತ್ತದೆ, ಕಂಬದ ಎತ್ತರಕ್ಕೆ ಅಳತೆಯೂ ಸಿಗುತ್ತದೆ.